ಅಪ್‌ಡೇಟ್: ಮುತ್ತಜ್ಜನ ಊರು ಸಿಕ್ಕಿತು

ಸ್ಯಾನ್ ಫ್ರಾನ್ಸಿಸ್ಕೋಗೆ ವಲಸೆ ಬಂದ ನನ್ನ ಪತಿಯ ಮುತ್ತಜ್ಜನ ಊರು ಚೀನಾದಲ್ಲಿ ಎಲ್ಲಿದೆ, ಹುಡುಕುವುದು ಹೇಗೆ ಎಂದು ಕೇಳಿದ್ದೆ. ಮೊದಲು ಸಮಾಧಿಯ ಕಲ್ಲು ನೋಡಿ ಎಂದವರಿಗೆ ಕೈಮುಗಿಯುತ್ತೇನೆ. ಗ್ವಾಂಗ್‌ಡಾಂಗ್ ಪ್ರಾಂತ್ಯ, ತೈಶಾನ್, ಹಳ್ಳಿಯ ಹೆಸರು, ಎಲ್ಲವೂ ಅದರ ಚೀನೀ ಅಕ್ಷರಗಳಲ್ಲಿದ್ದವು. ಜೊತೆಗೆ ಮನೆತನದ ನಿಜವಾದ ಹೆಸರೂ ಇತ್ತು! ಇಂಗ್ಲಿಷ್ ಕಾಗದಗಳಲ್ಲಿ ಇದ್ದದ್ದು ಬೇರೆ ಕುಟುಂಬದ್ದು. 1882ರ ಚೀನೀಯರ ನಿಷೇಧ ಕಾಯ್ದೆಯನ್ನು ದಾಟಲು ಅನೇಕರು ಹಣ ಕೊಟ್ಟು ‘ಕಾಗದದ ಮಕ್ಕಳು’ ಆಗಿ, ಅಂದರೆ ಅಮೆರಿಕದ ಪೌರರಾಗಿದ್ದ ಚೀನೀಯರಿಗೆ ಕಾಗದದಲ್ಲಷ್ಟೇ ಮಕ್ಕಳಾಗಿ, ಬಂದರು. 1906ರ ಭೂಕಂಪದ ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜನನ ದಾಖಲೆಗಳು ಸುಟ್ಟುಹೋದದ್ದು ಅದಕ್ಕೆ ದಾರಿ ಮಾಡಿಕೊಟ್ಟಿತು. ಇಲ್ಲೇ ಹುಟ್ಟಿದ ಪೌರ ಎಂದು ಯಾರಾದರೂ ಹೇಳಿಕೊಂಡರೆ ಅಲ್ಲಗಳೆಯಲು ದಾಖಲೆಯೇ ಇರಲಿಲ್ಲ.

ಸ್ಯಾನ್ ಬ್ರೂನೋದ ರಾಷ್ಟ್ರೀಯ ದಾಖಲಾಗಾರದಿಂದ, ಮುತ್ತಜ್ಜ ಬಂದಿಳಿದಾಗ ವಲಸೆ ಅಧಿಕಾರಿಗಳು ನಡೆಸಿದ ವಿಚಾರಣೆಯ ಕಡತವೂ ಬಂದಿದೆ. ಬಾವಿ ಎಲ್ಲಿದೆ, ಸಾಲಿನಲ್ಲಿ ನಿಮ್ಮದು ಎಷ್ಟನೆಯ ಮನೆ ಎಂದೆಲ್ಲ ಕೇಳಿದ್ದಾರೆ. ಆಗ ಹುಡುಗನಾಗಿದ್ದ ಮುತ್ತಜ್ಜ ಬಾಯಿಪಾಠ ಮಾಡಿ ಒಪ್ಪಿಸಿದ್ದು ಪರರ ಊರನ್ನು ಎಂದು ತಿಳಿದಾಗ ಕಣ್ಣು ತುಂಬಿತು. ಹಾಗಾಗಿ ಕಡತವೊಂದನ್ನೇ ನಂಬಬೇಡಿ, ಕಲ್ಲಿನೊಂದಿಗೆ ತಾಳೆ ನೋಡಿ. ಹಳೆಯ ಕಾಗದದಲ್ಲಿ ‘ಸನ್ನಿಂಗ್’ ಎಂದಿದ್ದರೆ ಅದೂ ತೈಶಾನೇ. 1914ರಲ್ಲಿ ಹೆಸರು ಬದಲಾಯಿತು.

ಹಳ್ಳಿಯವರು ತಮ್ಮ ವಂಶಾವಳಿ ಗ್ರಂಥ ‘ಜಿಯಾಪು’ವಿನ ಪುಟಗಳ ಫೋಟೋ ಕಳುಹಿಸಿದ್ದಾರೆ. ಮುತ್ತಜ್ಜನ ಹೆಸರಿದೆ, ಅವರ ಕೆಳಗೆ ಖಾಲಿ ಜಾಗ. ಹಳೆಯ ಜಿಯಾಪುಗಳಲ್ಲಿ ಹೆಣ್ಣುಮಕ್ಕಳನ್ನು ಬರೆಯುತ್ತಿದ್ದುದು ಅಪರೂಪ. ನಮ್ಮ ಮಗಳ ಹೆಸರನ್ನು ಬರೆಯುವಿರಾ ಎಂದು ಕೇಳಿದ್ದೇವೆ.