ಅಲೆಮಾರಿ ಕಾಯಿದೆ: ತೀರ್ಪು ನೀಡುತ್ತಿದ್ದವರು ಯಾರು?

ಪ್ರಶ್ನೆ:
18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಅಲೆಮಾರಿಗಳೆಂದು ಹಿಡಿದು ತಂದವರನ್ನು ಜ್ಯೂರಿಯ (ತೀರ್ಪು ನೀಡುವ ಸಾಮಾನ್ಯ ನಾಗರಿಕರ ಮಂಡಳಿಯ) ಮುಂದೆ ನಿಲ್ಲಿಸುತ್ತಿದ್ದರೇ, ಅಥವಾ ಸ್ಥಳೀಯ ಮ್ಯಾಜಿಸ್ಟ್ರೇಟರೇ ಪ್ರಕರಣವನ್ನು ಮುಗಿಸಿಬಿಡುತ್ತಿದ್ದರೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು. ಹೆಂಗಸರಿಗೂ ಚಾಟಿಯೇಟು ಇತ್ತೇ?

ಉತ್ತರ 1:
ಬಹುಪಾಲು ಪ್ರಕರಣಗಳಲ್ಲಿ ಜ್ಯೂರಿಯ ಮಾತೇ ಇರಲಿಲ್ಲ. 1744ರ ಕಾಯಿದೆಯು ಇಂಥವರನ್ನು ಸೋಮಾರಿಗಳು, ಪುಂಡ ಅಲೆಮಾರಿಗಳು, ತಿದ್ದಲಾಗದ ಪುಂಡರು ಎಂದು ಮೂರು ವರ್ಗಗಳಾಗಿ ವಿಂಗಡಿಸಿತ್ತು. ಮೊದಲ ವರ್ಗದವರನ್ನು ಒಬ್ಬನೇ ಮ್ಯಾಜಿಸ್ಟ್ರೇಟ್, ಅನೇಕ ವೇಳೆ ತನ್ನ ಮನೆಯಲ್ಲಿಯೇ ವಿಚಾರಿಸಿ, 1 ತಿಂಗಳವರೆಗೆ ದುಡಿಮೆಯ ಸೆರೆಮನೆಗೆ ಕಳುಹಿಸಬಹುದಿತ್ತು. ಎರಡನೆಯ ವರ್ಗದವರಿಗೆ ಬಹಿರಂಗವಾಗಿ ಚಾಟಿಯೇಟು ಕೊಡಿಸಬಹುದಿತ್ತು, ಇಲ್ಲವೇ ಮೂರು ತಿಂಗಳಿಗೊಮ್ಮೆ ಸೇರುವ ಕೌಂಟಿ (ಜಿಲ್ಲೆ) ನ್ಯಾಯಾಲಯದವರೆಗೆ ಬಂಧನದಲ್ಲಿಡಬಹುದಿತ್ತು. ಆ ನ್ಯಾಯಾಲಯವು ತಿದ್ದಲಾಗದವನೆಂದು ನಿರ್ಣಯಿಸಿದವನಿಗೆ 6 ತಿಂಗಳಿಂದ 2 ವರ್ಷಗಳವರೆಗೆ ಸೆರೆವಾಸವಿತ್ತು.

ಉತ್ತರ 2:
ಶಿಕ್ಷೆಗಿಂತಲೂ ಸಾಗಹಾಕುವುದೇ ಮುಖ್ಯವಾಗಿತ್ತೆಂದು ನನಗನ್ನಿಸುತ್ತದೆ. ತನ್ನ ಬಡವರನ್ನು ಸಾಕುವ ಹೊಣೆ ಪ್ಯಾರಿಷ್ ಎಂಬ, ಚರ್ಚಿನ ವ್ಯಾಪ್ತಿಯ ಸ್ಥಳೀಯ ಆಡಳಿತ ಘಟಕದ್ದಾಗಿತ್ತು. ಬಂಧಿತನು ಯಾವ ಪ್ಯಾರಿಷ್‌ಗೆ ಸೇರಿದವನೆಂಬುದನ್ನು ಪ್ರಮಾಣ ಮಾಡಿಸಿ ಬರೆದುಕೊಂಡು, ಪಾಸು ಬರೆದುಕೊಟ್ಟು, ಒಬ್ಬ ಕಾನ್‌ಸ್ಟೇಬಲಿನಿಂದ ಇನ್ನೊಬ್ಬನಿಗೆ ಒಪ್ಪಿಸುತ್ತ ಅವನನ್ನು ಅಲ್ಲಿಗೆ ತಲುಪಿಸುತ್ತಿದ್ದರು. 1700ರಿಂದ ಈ ವೆಚ್ಚವು ಕೌಂಟಿಯ ಪಾಲಿಗೆ ಬಂದಿತ್ತು. ಬಡವರನ್ನು ಸ್ವಂತ ಖರ್ಚಿನಲ್ಲಿ ಹೊರಹಾಕಬೇಕಿದ್ದ ಪ್ಯಾರಿಷ್‌ಗಳಿಗೆ ಅವರನ್ನು ಅಲೆಮಾರಿಗಳೆಂದು ಕರೆಯುವುದು ಅಗ್ಗದ ದಾರಿಯಾಯಿತು. ಪುಂಡ ಅಲೆಮಾರಿಯನ್ನು ಹಿಡಿದುಕೊಟ್ಟವನಿಗೆ 10 ಷಿಲಿಂಗ್ ಬಹುಮಾನವೂ ಇತ್ತು. ಹಳ್ಳಿಯ ಕೂಲಿಕಾರನ ವಾರದ ದುಡಿಮೆ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆಯೇ ಇದ್ದುದರಿಂದ, ಕೆಲವರ ಉತ್ಸಾಹಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಉತ್ತರ 3:
ಹೆಂಗಸರ ಕುರಿತ ಪ್ರಶ್ನೆಗೆ: ಇತ್ತು. ಅಲೆಮಾರಿ ಹೆಂಗಸರಿಗೆ ಚಾಟಿಯೇಟು ಕೊಡಬಾರದೆಂದು ಕಾನೂನು ಸ್ಪಷ್ಟವಾಗಿ ನಿಷೇಧಿಸಿದ್ದು 1792ರಲ್ಲಿ.