ಸಹಾಯ ಬೇಕು: ಯೊರುಬಾದಲ್ಲಿ ಮನೆಗೆ ‘ಇಲೇ’ಯೋ ‘ಉಲೇ’ಯೋ?

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವ, ಈಗ ಕೆಲಸಕ್ಕೆಂದು ನೈಜೀರಿಯಾದ ಲಾಗೋಸ್‌ನಲ್ಲಿದ್ದೇನೆ, ಇಲ್ಲಿನ ಭಾಷೆಯಾದ ಯೊರುಬಾ ಕಲಿಯುತ್ತಿದ್ದೇನೆ. ಪುಸ್ತಕದಲ್ಲಿ ಮನೆಗೆ ‘ಇಲೇ’ ಎಂದಿದೆ. ಕೊನೆಯ ಎಕಾರವನ್ನು ದನಿ ಏರಿಸಿ ಹೇಳಬೇಕು. ಅದೇ ಎಕಾರವನ್ನು ಬಾಯಿ ಅಗಲಿಸಿ, ದನಿ ತಗ್ಗಿಸಿ ಹೇಳಿದರೆ ‘ನೆಲ’ ಎಂಬ ಅರ್ಥ! ಇದನ್ನು ಬಾಯಿಗೆ ಕೂಡಿಸಿಕೊಳ್ಳಲು ವಾರಗಳೇ ಹಿಡಿದವು.

ಅಷ್ಟರಲ್ಲಿ ಎಕಿಟಿ (ನೈಜೀರಿಯಾದ ಒಂದು ಯೊರುಬಾ ಪ್ರದೇಶ) ಕಡೆಯ ಸಹೋದ್ಯೋಗಿಯೊಬ್ಬರು ಅವರ ತಾಯಿಯ ಜೊತೆ ಫೋನಿನಲ್ಲಿ ‘ಉಲೇ’ ಎಂದರು. ಕೇಳಿದೆ. “ನಮ್ಮ ಊರಲ್ಲಿ ಹಾಗೇ” ಎಂದರು. ಬೆಂಕಿಗೂ ‘ಇನಾ’ ಬದಲು ‘ಉನಾ’ ಅಂತೆ. ಶಿಷ್ಟ ಯೊರುಬಾದಲ್ಲಿ ಉಕಾರದಿಂದ ಶುರುವಾಗುವ ದೇಶಿ ನಾಮಪದಗಳೇ ಇಲ್ಲ. ಆ ಶಿಷ್ಟ ರೂಪ ಬಹುಮಟ್ಟಿಗೆ ಓಯೊ ಎಂಬ ಇನ್ನೊಂದು ಯೊರುಬಾ ಪ್ರದೇಶದ ಮಾತಿನ ಮೇಲೆ ನಿಂತದ್ದು, 19ನೇ ಶತಮಾನದಲ್ಲಿ ಯೊರುಬಾ ಮೂಲದ ಪಾದ್ರಿ ಸ್ಯಾಮ್ಯುಯೆಲ್ ಅಜಾಯಿ ಕ್ರೌಥರ್ ಮುಂತಾದವರ ಬೈಬಲ್ ಅನುವಾದದಿಂದ ಗಟ್ಟಿಯಾದದ್ದು. ನಮ್ಮಲ್ಲಿ ‘ಮನೆ’ ‘ಮನಿ’ ಆಗುವುದು ಕೊನೆಯಲ್ಲಿ. ಇಲ್ಲಿ ಪದದ ಬಾಗಿಲೇ ಬದಲಾಗುತ್ತದೆ. ನನಗಂತೂ ‘ಉಲೇ’ ಬಹಳ ಇಷ್ಟವಾಯಿತು.

ಭಾಷಾಶಾಸ್ತ್ರ ಓದಿದವರು, ನೈಜೀರಿಯಾದಲ್ಲಿ ಇದ್ದುಬಂದವರು ದಯವಿಟ್ಟು ತಿಳಿಸಿ: ಇಲ್ಲಿ ಹಳೆಯದು ಉಕಾರವೋ ಇಕಾರವೋ? ಇಲೇ-ಇಫೆ ಪಟ್ಟಣದ ಹೆಸರನ್ನು ಆ ಊರಿನವರೇ ಹೇಗೆ ಉಚ್ಚರಿಸುತ್ತಾರೆ? ಎಕಿಟಿಯ ಹಿರಿಯರ ಎದುರು ನಾನು ‘ಉಲೇ’ ಎಂದರೆ ಅವರಿಗೆ ಸಂತೋಷವಾಗುತ್ತದೋ, ಅಣಕಿಸಿದಂತೆ ಕೇಳುತ್ತದೋ? ಮುಂದಿನ ತಿಂಗಳು ಸಹೋದ್ಯೋಗಿಯ ಮನೆಗೆ ಊಟಕ್ಕೆ ಹೋಗುವವನಿದ್ದೇನೆ. ಅಷ್ಟರೊಳಗೆ ತಿಳಿದರೆ ದೊಡ್ಡ ಉಪಕಾರ.