ಒಂದೊಂದೇ ಜೀವಕೋಶ ಓದಿದರೆ ಮೆದುಳಿನ ಬಗ್ಗೆ ಏನು ಗೊತ್ತಾಗುತ್ತದೆ?

ಕದ್ರಿ ಹುಡುಗಿ: ಮಂಗಳೂರಲ್ಲಿ ಬಿಎಸ್ಸಿ ಕೊನೆಯ ವರ್ಷ. ಸೆಮಿನಾರಿಗೆ ಸಿಂಗಲ್ ಸೆಲ್ ಆರ್‌ಎನ್‌ಎ ಸೀಕ್ವೆನ್ಸಿಂಗ್ ತೆಗೆದುಕೊಂಡು ಸಿಕ್ಕಿಬಿದ್ದಿದ್ದೇನೆ. ಎಲ್ಲ ಕೋಶದಲ್ಲೂ ಇರುವುದು ಅದೇ ಡಿಎನ್‌ಎ ಅಲ್ವಾ, ಮತ್ತೆ ಒಂದೊಂದನ್ನೇ ಬೇರೆ ಮಾಡಿ ಓದುವುದು ಯಾಕೆ? ಆಟಿಸಂ ಬಗ್ಗೆ ಅದರಿಂದ ಏನಾದರೂ ಗೊತ್ತಾಗಿದೆಯಾ?

ಮಲ್ಪೆಯವ: ಡಿಎನ್‌ಎ ಒಂದೇ, ಆದರೆ ಯಾವ ಜೀನ್ ಕೆಲಸ ಮಾಡುತ್ತಿದೆ ಅನ್ನುವುದು ಕೋಶದಿಂದ ಕೋಶಕ್ಕೆ ಬೇರೆ. ಅದನ್ನು ತೋರಿಸುವುದು ಆರ್‌ಎನ್‌ಎ, ಅಂದರೆ ಕೆಲಸ ಮಾಡುತ್ತಿರುವ ಜೀನಿನ ನಕಲು. ಮೊದಲು ಮೆದುಳಿನ ತುಂಡನ್ನೇ ಅರೆದು ಸರಾಸರಿ ನೋಡುತ್ತಿದ್ದರು. ಬಂಗುಡೆ, ಬೂತಾಯಿ, ಸಿಗಡಿ ಎಲ್ಲ ಒಟ್ಟಿಗೆ ರುಬ್ಬಿ, ಇದರಲ್ಲಿ ಕೆಟ್ಟದ್ದು ಯಾವುದು ಅಂತ ಕೇಳಿದ ಹಾಗೆ ಮಾರಾಯ್ರೆ! ಈಗ ಒಂದೊಂದು ಕೋಶವನ್ನು ಎಣ್ಣೆಯೊಳಗಿನ ಒಂದೊಂದು ಸಣ್ಣ ಹನಿಯಲ್ಲಿ ಹಿಡಿದು ಅದರ ಆರ್‌ಎನ್‌ಎಗೆ ಆ ಕೋಶದ್ದೇ ಆದ ಬಾರ್‌ಕೋಡ್ (ಡಿಎನ್‌ಎಯ ಸಣ್ಣ ಗುರುತು) ಅಂಟಿಸುತ್ತಾರೆ, ಆಮೇಲೆ ಎಲ್ಲ ಸೇರಿಸಿ ಓದಿದರೂ ಯಾವುದು ಯಾವ ಕೋಶದ್ದು ಅಂತ ತಿಳಿಯುತ್ತದೆ.

ಮಣಿಪಾಲದಿಂದ: ಸರಿ ಉಂಟು. ಒಂದು ವಿಷಯ ಸೇರಿಸುತ್ತೇನೆ. ತೀರಿಕೊಂಡವರ ಮೆದುಳನ್ನು ಫ್ರೀಜ್ ಮಾಡಿಟ್ಟಾಗ ಕೋಶ ಇಡಿಯಾಗಿ ಸಿಗುವುದಿಲ್ಲ, ಒಡೆದಿರುತ್ತದೆ. ಅದಕ್ಕೆ ಕೋಶದೊಳಗೆ ಡಿಎನ್‌ಎ ಇರುವ ನ್ಯೂಕ್ಲಿಯಸ್ ಮಾತ್ರ ಬೇರೆ ಮಾಡಿ, ಅದರಲ್ಲಿರುವ ಆರ್‌ಎನ್‌ಎ ಓದುತ್ತಾರೆ. 2019ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಆಟಿಸಂ ಅಧ್ಯಯನ ಮಾಡಿದ್ದು ಹಾಗೆಯೇ. ಕಾರ್ಟೆಕ್ಸಿನ (ಮೆದುಳಿನ ಹೊರಭಾಗದ) ಮೇಲಿನ ಪದರಗಳ ನ್ಯೂರಾನ್‌ಗಳಲ್ಲಿ, ಮತ್ತೆ ಮೈಕ್ರೋಗ್ಲಿಯಾದಲ್ಲಿ (ಮೆದುಳಿನ ರೋಗನಿರೋಧಕ ಕೋಶಗಳಲ್ಲಿ) ಜೀನ್‌ಗಳ ಕೆಲಸದ ಬದಲಾವಣೆ ಜಾಸ್ತಿ ಕಂಡಿತ್ತು. ಆದರೆ ಅದು ಕಾರಣವೋ ಪರಿಣಾಮವೋ ಅಂತ ಇಷ್ಟರಿಂದಲೇ ಹೇಳಲಿಕ್ಕೆ ಆಗುವುದಿಲ್ಲ. ಸೆಮಿನಾರಿನಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ, ಸುಮ್ನೆ ಜೀನ್ ಪಟ್ಟಿ ಓದಿ ಮುಗಿಸಬೇಡಿ.

ಕದ್ರಿ ಹುಡುಗಿ: ಥ್ಯಾಂಕ್ಸ್ ಇಬ್ಬರಿಗೂ. ಮೀನಿನ ಉದಾಹರಣೆ ಸ್ಲೈಡಿಗೆ ಹಾಕುತ್ತೇನೆ, ನಮ್ಮ ಮೇಡಂ ಸಸ್ಯಾಹಾರಿ ಆದರೂ ಪರವಾಗಿಲ್ಲ.